ಹಿರಿಯಡಕದ ಜಗಲಿಗೆ ಬಂದ ಗರಗಸಮೀಸೆ

(ಓದುಗರು ಕೇಳಿದ ಹುಳುಹುಪ್ಪಟೆಗಳ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕರ ಉತ್ತರ)

ಪ್ರಶ್ನೆ: ಮಾನ್ಯರೇ, ಜೂನ್ ಎರಡನೆಯ ವಾರದ ಒಂದು ರಾತ್ರಿ ಮಳೆ ತುಸು ಹೊಳವಾದಾಗ ನಮ್ಮ ಜಗಲಿಯ ಟ್ಯೂಬ್‌ಲೈಟಿಗೆ ಒಂದು ದೊಡ್ಡ ಜೀರುಂಡೆ ಹಾರಿ ಬಂದು, ಗೋಡೆಗೆ ಬಡಿದು ಕೆಳಗೆ ಬಿತ್ತು. ಹಿಡಿಸೂಡಿಯಿಂದ ಸರಿಸಲು ಹೋದರೆ ಹಾವಿನಂತೆ ಸುಸ್ಸೆಂದು ಸದ್ದು ಮಾಡಿತು. ಹಿಡಿಸೂಡಿಯ ಒಂದು ಕಡ್ಡಿಯನ್ನು ಕಚ್ಚಿ ತುಂಡು ಮಾಡಿತು. ಅದರ ಫೋಟೊ ಕಳುಹಿಸಿದ್ದಕ್ಕೆ ನೀವು ‘ಇದು ಮಾವಿನ ಕಾಂಡಕೊರಕ’ ಎಂದು ಒಂದೇ ಸಾಲಿನ ಉತ್ತರ ಬರೆದಿರಿ. ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಅದನ್ನು ಒಪ್ಪುತ್ತಿಲ್ಲ. ಮೈಮೇಲೆ ಒಂದು ಚುಕ್ಕೆಯೂ ಇಲ್ಲ, ಮೀಸೆ ಗರಗಸದ ಹಾಗಿದೆ ಎನ್ನುತ್ತಾಳೆ. ಕಂಪಾಸಿನ ಸ್ಕೇಲಿನಲ್ಲಿ ಅಳೆದಿದ್ದಾಳೆ: ಮೀಸೆ ಬಿಟ್ಟು 7.8 ಸೆಂಟಿಮೀಟರ್. ಮೊಬೈಲ್ ಆ್ಯಪ್ ಇದನ್ನು ಅಮೆಜಾನ್ ಕಾಡಿನ ಟೈಟಾನ್ ಜೀರುಂಡೆ ಎನ್ನುತ್ತದೆ. ನೆರೆಮನೆಯವರು ಕುರುವಾಯಿ ಎನ್ನುತ್ತಾರೆ. ಬಂದರು ಇರುವ ಪಣಂಬೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಹಡಗಿನಲ್ಲಿ ಬಂದ ಮರದ ದಿಮ್ಮಿಯೊಳಗಿಂದ ಎದ್ದು ಬಂದಿರಬೇಕು, ಇಂಥದಕ್ಕೆ ಲಕ್ಷಗಟ್ಟಲೆ ಬೆಲೆಯಿದೆ ಎನ್ನುತ್ತಾನೆ. ಹುಳು ನಾಲ್ಕನೆಯ ದಿನ ಸತ್ತಿತು. ಡಬ್ಬಿಯಲ್ಲಿಟ್ಟು ಕಳುಹಿಸುತ್ತಿದ್ದೇನೆ. ಯಾರು ಹೇಳುವುದು ಸರಿ?
— ಓದುಗರು, ಹಿರಿಯಡಕ

ಉತ್ತರ: ನಿಮ್ಮ ಮಗಳು ಹೇಳುವುದು ಸರಿ. ನಾನು ಹೇಳಿದ್ದು ತಪ್ಪು. ಆ್ಯಪ್ ಹೇಳಿದ್ದು ಇನ್ನೂ ದೊಡ್ಡ ತಪ್ಪು ಎಂಬುದೊಂದೇ ನನಗೆ ಸಮಾಧಾನ.

ಎಡವಿದ್ದು ಎಲ್ಲಿ ಎಂದು ಮೊದಲು ಹೇಳಿಬಿಡುತ್ತೇನೆ. ನೀವು ಕಳುಹಿಸಿದ್ದು ಟ್ಯೂಬ್‌ಲೈಟಿನ ಕೆಳಗೆ ನಿಂತು ತೆಗೆದ ಫೋಟೊ. ಮಳೆಯಲ್ಲಿ ನೆನೆದ ಮೈ. ಬೆನ್ನಿನ ಮೇಲೆ ದೀಪದ ಪ್ರತಿಫಲನ ಎರಡು ಕಡೆ ಬೆಳ್ಳಗೆ ಬಿದ್ದಿತ್ತು. ಅದನ್ನು ನಾನು ಚುಕ್ಕೆ ಎಂದುಕೊಂಡೆ. ಪಕ್ಕದಲ್ಲಿ ಒಂದು ನಾಣ್ಯವಾಗಲಿ ಬೆಂಕಿಪೊಟ್ಟಣವಾಗಲಿ ಇಲ್ಲದ್ದರಿಂದ ಗಾತ್ರವೂ ತಿಳಿಯಲಿಲ್ಲ. ನಮ್ಮ ಊರಿನಲ್ಲಿ ಜನ ಹಿಡಿದು ತರುವ ದೊಡ್ಡ ಉದ್ದಮೀಸೆಯ ಜೀರುಂಡೆಗಳಲ್ಲಿ ಹೆಚ್ಚಿನವು ಮಾವಿನ ಕಾಂಡಕೊರಕವೇ, ಶಾಸ್ತ್ರೀಯ ಹೆಸರು ಬಟೊಸೆರಾ ರೂಫೊಮ್ಯಾಕ್ಯುಲೇಟಾ. ಹೀಗಾಗಿ ನೋಡುವ ಮೊದಲೇ ಹೆಸರು ಬಾಯಿಗೆ ಬಂದಿತ್ತು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ‘ಮೊದಲು ಎಣಿಸಿ, ಆಮೇಲೆ ಹೆಸರು ಹೇಳಿ’ ಎಂದು ಮಕ್ಕಳನ್ನು ಗದರಿದವನು ನಾನು.

ಮಾವಿನ ಕಾಂಡಕೊರಕವನ್ನು ಒಮ್ಮೆ ಕೈಯಲ್ಲಿ ಹಿಡಿದವರಿಗೆ ಇನ್ನು ಗೊಂದಲವಾಗದು. ಬೂದಿ ಸವರಿದಂಥ ಮೈ. ಅದು ಬಣ್ಣವಲ್ಲ, ಸಣ್ಣ ಸಣ್ಣ ರೋಮಗಳ ಹೊದಿಕೆ. ಗಡುಸು ಹೊರರೆಕ್ಕೆಗಳ ಮೇಲೆ ಕಿತ್ತಳೆ ಅಥವಾ ಹಳದಿ ಬಣ್ಣದ ಮಚ್ಚೆಗಳು, ತಲೆಯ ಹಿಂದಿನ ಎದೆಫಲಕದ ಮೇಲೆ ಬಾಗಿದ ಎರಡು ಗುರುತುಗಳು. ರೆಕ್ಕೆಗಳೆರಡೂ ಕೂಡುವ ಬುಡದಲ್ಲಿ ಸುಣ್ಣ ಇಟ್ಟ ಹಾಗೆ ಬಿಳಿಯ ಸಣ್ಣ ತ್ರಿಕೋನ. ಹೆಗಲಿನ ಹತ್ತಿರ ಕರಿಮಣಿ ಅಂಟಿಸಿದಂತೆ ಹೊಳೆಯುವ ಗುಳ್ಳೆಗಳು. ಮೀಸೆ ದೇಹಕ್ಕಿಂತ ಉದ್ದ. ನಿಮ್ಮ ಡಬ್ಬಿ ತೆರೆದಾಗ ಇವುಗಳಲ್ಲಿ ಒಂದೂ ಕಾಣಿಸಲಿಲ್ಲ. ಹಳೆಯ ಚಪ್ಪಲಿಯ ಚರ್ಮದಂತೆ ಕಂದು ಮೈ, ಬಾಗಿದ ಗಟ್ಟಿ ದವಡೆ, ದೇಹಕ್ಕಿಂತ ಗಿಡ್ಡ ಮೀಸೆ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆ ಏಳುತ್ತದೆ: ಮೀಸೆ ಗಿಡ್ಡವಾಗಿದ್ದರೆ ಇದನ್ನು ಉದ್ದಮೀಸೆಯ ಜೀರುಂಡೆಗಳ ಕುಟುಂಬಕ್ಕೆ ಏಕೆ ಸೇರಿಸಬೇಕು? ನಿಮ್ಮ ಮಗಳು ಭೂತಗನ್ನಡಿ ಹಿಡಿದು ಕಣ್ಣನ್ನು ನೋಡಲಿ. ಕಣ್ಣು ದುಂಡಗಿಲ್ಲ; ಗೇರುಬೀಜದಂತೆ ಒಂದು ಕಡೆ ಒಳಕ್ಕೆ ಬಾಗಿ ಮೀಸೆಯ ಬುಡವನ್ನು ಬಳಸಿಕೊಂಡಿದೆ. ಆಮೇಲೆ ಪಾದ. ಪಾದದ ಗೆಣ್ಣುಗಳನ್ನು ಎಣಿಸಿದರೆ ನಾಲ್ಕು ಸಿಗುತ್ತವೆ. ನಿಜವಾಗಿ ಇರುವುದು ಐದು. ಮೂರನೆಯ ಗೆಣ್ಣು ಎರಡು ಹಾಲೆಗಳಾಗಿ ಸೀಳಿಕೊಂಡಿದ್ದು, ಸಾಸಿವೆಗಿಂತ ಸಣ್ಣದಾದ ನಾಲ್ಕನೆಯ ಗೆಣ್ಣು ಅವುಗಳ ನಡುವೆ ಅಡಗಿ ಕೂತಿದೆ. ಎಲೆ ತಿನ್ನುವ ಜೀರುಂಡೆಗಳಲ್ಲಿಯೂ ಇದೇ ಕಣ್ಣಾಮುಚ್ಚಾಲೆ ಇದೆ. ಆದರೆ ಕಣ್ಣು, ಪಾದ, ಮೈಕಟ್ಟು ಮೂರನ್ನೂ ಸೇರಿಸಿ ನೋಡಿದರೆ ಸೆರಾಂಬಿಸಿಡೇ ಕುಟುಂಬ ಎನ್ನಲು ಅಡ್ಡಿಯಿಲ್ಲ. ಜಗತ್ತಿನಲ್ಲಿ ಈ ಕುಟುಂಬದ 35,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ.

ಅಷ್ಟರಲ್ಲಿ ನೆರೆಮನೆಯವರ ಕುರುವಾಯಿ ತಾನಾಗಿಯೇ ಬಿದ್ದುಹೋಗುತ್ತದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿಯ ಮೀಸೆ ಒಂದು ಗೇಣು ದೂರದಿಂದ ನೋಡಿದರೆ ಇದೆಯೇ ಎಂದು ಅನುಮಾನ ಬರುವಷ್ಟು ಗಿಡ್ಡ. ಅದರ ತುದಿಯಲ್ಲಿ ಬೀಸಣಿಗೆಯಂತೆ ಮಡಚುವ ಸಣ್ಣ ಎಸಳುಗಳಿರುತ್ತವೆ. ನೆರೆಮನೆಯವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ನನ್ನ ಅಜ್ಜಿ ಜೀರುಂಡೆ, ಎರೆಹುಳು, ಅಕ್ಕಿಹುಳು ಎಲ್ಲವನ್ನೂ ‘ಪುರಿ’ ಎಂಬ ಒಂದೇ ತುಳು ಶಬ್ದದಲ್ಲಿ ಮುಗಿಸುತ್ತಿದ್ದರು.

ಇನ್ನು ಉಪಕುಟುಂಬ. ಎದೆಫಲಕದ ಪಕ್ಕದ ಅಂಚು ಇಲ್ಲಿ ದುಂಡಗೆ ಕೆಳಕ್ಕೆ ಇಳಿದಿಲ್ಲ. ತಟ್ಟೆಯ ಅಂಚಿನಂತೆ ಚೂಪಾಗಿ ಎದ್ದಿದೆ, ಅದರಲ್ಲಿ ಮುಳ್ಳುಗಳಿವೆ. ಇದು ಪ್ರಯೋನಿನೇ ಉಪಕುಟುಂಬದ ಗುರುತು. ಮಾವಿನ ಕಾಂಡಕೊರಕ ಸೇರುವುದು ಲೇಮಿನೇ ಎಂಬ ಬೇರೊಂದು ಉಪಕುಟುಂಬಕ್ಕೆ. ಅಲ್ಲಿ ಮುಖ ಗೋಡೆಯಂತೆ ನೆಟ್ಟಗೆ ಕೆಳಕ್ಕೆ ಇಳಿದಿರುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿಯನ್ನು ನೀವೇ ಪತ್ರದಲ್ಲಿ ಕೊಟ್ಟಿದ್ದೀರಿ: ಆ ಸುಸ್ಸೆಂಬ ಸದ್ದು. ಮಾವಿನ ಕಾಂಡಕೊರಕವನ್ನು ಬೆರಳುಗಳ ನಡುವೆ ಹಿಡಿದರೆ ಅದೂ ಸದ್ದು ಮಾಡುತ್ತದೆ, ಆದರೆ ಅದು ಕಿರ್ರ್ ಕಿರ್ರ್ ಎಂಬ ಸದ್ದು. ತಲೆ ಮತ್ತು ಎದೆಫಲಕವನ್ನು ಹೌದು ಹೌದು ಎನ್ನುವಂತೆ ಮೇಲೆ ಕೆಳಗೆ ಆಡಿಸುತ್ತದೆ. ಫಲಕದ ಹಿಂದಿನ ಅಂಚು ಅದರ ಕೆಳಗಿನ ಗೀರುಗೀರಾದ ಪಟ್ಟಿಯ ಮೇಲೆ ಉಜ್ಜುತ್ತದೆ. ಪ್ರಯೋನಿನೇಗಳಲ್ಲಿ ಸಾಮಾನ್ಯವಾಗಿ ಆ ಗೀರಿನ ಪಟ್ಟಿ ಇರುವುದಿಲ್ಲ. ಅವುಗಳಲ್ಲಿ ಕೆಲವು ಹಿಂಗಾಲಿನ ತೊಡೆಯನ್ನು ಹೊರರೆಕ್ಕೆಯ ಅಂಚಿಗೆ ಉಜ್ಜಿ ಸದ್ದು ಹೊರಡಿಸುತ್ತವೆ. ನಾನು ಫೋನಿನಲ್ಲಿ ‘ಸದ್ದು ಮಾಡುವಾಗ ಏನು ಅಲುಗಾಡುತ್ತಿತ್ತು?’ ಎಂದು ಕೇಳಿದೆ. ನೀವು ‘ಗಮನಿಸಲಿಲ್ಲ’ ಎಂದಿರಿ. ಹಿಂದಿನಿಂದ ನಿಮ್ಮ ಮಗಳ ಧ್ವನಿ ಕೇಳಿಸಿತು: ‘ಹಿಂದಿನ ಕಾಲು, ಅಪ್ಪ.’ ಆ ಮೂರು ಶಬ್ದ ನನಗೆ ನಿಮ್ಮ ಫೋಟೊಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಹಾಗಾದರೆ ಇದು ಯಾವುದು? ಅಕ್ಯಾಂಥೊಫೋರಸ್ ಸೆರಾಟಿಕಾರ್ನಿಸ್. ಇದರಲ್ಲಿ ಸೆರಾಟಿಕಾರ್ನಿಸ್ ಎಂಬುದು 1795ರಲ್ಲಿ ಫ್ರಾನ್ಸಿನ ಕೀಟಶಾಸ್ತ್ರಜ್ಞ ಒಲಿವಿಯೆ ಇಟ್ಟ ಹೆಸರು. ಭಾರತದ ಅತಿ ದೊಡ್ಡ ಜೀರುಂಡೆಗಳಲ್ಲಿ ಒಂದು. ದಕ್ಷಿಣ ಭಾರತದ್ದೇ, ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ನಮ್ಮದೇ ಹುಳು. ಹೆಸರನ್ನು ಬಿಡಿಸಿದರೆ ‘ಮುಳ್ಳು ಹೊತ್ತದ್ದು, ಗರಗಸದ ಕೊಂಬಿನದು’ ಎಂದಾಗುತ್ತದೆ. ಮೀಸೆ ಗರಗಸದಂತಿದೆ ಎಂದು ಎಂಟನೆಯ ತರಗತಿಯ ಹುಡುಗಿ ಕಂಡುಕೊಂಡಿದ್ದಳಲ್ಲ, ಒಲಿವಿಯೆ ಕಂಡದ್ದೂ ಅದನ್ನೇ. ಕನ್ನಡದಲ್ಲಿ ಇದಕ್ಕೆ ನಾನು ಗರಗಸಮೀಸೆ ಎನ್ನುತ್ತೇನೆ; ಇದಕ್ಕಿಂತ ಒಳ್ಳೆಯ ಹೆಸರು ನಿಮ್ಮ ಊರಿನಲ್ಲಿದ್ದರೆ ಬರೆದು ತಿಳಿಸಿ. ಭಾರತದ ಉದ್ದಮೀಸೆಗಳನ್ನು ಗುರುತಿಸುವವರು ಇಂದಿಗೂ ಮೊದಲು ತಿರುವಿಹಾಕುವುದು ಸಿ. ಜೆ. ಗಹನ್ 1906ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಸರಣಿಗೆ ಬರೆದ ಸಂಪುಟವನ್ನು. ಅದು ಇದ್ದೂ ಕಪಾಟಿನಿಂದ ತೆಗೆಯದೆ ಒಂದು ಸಾಲಿನ ಉತ್ತರ ಬರೆದದ್ದು ನನ್ನ ಸೋಮಾರಿತನ.

ಆ್ಯಪ್ ಹೇಳಿದ ಟೈಟಾನ್, ಅಂದರೆ ಟೈಟಾನಸ್ ಜೈಗ್ಯಾಂಟಿಯಸ್, ಇದೇ ಉಪಕುಟುಂಬದ್ದು. ಆದ್ದರಿಂದ ಮುಖಚಹರೆ ಹೋಲುತ್ತದೆ. ಆದರೆ ಅದರ ಮನೆ ದಕ್ಷಿಣ ಅಮೆರಿಕದ ಮಳೆಕಾಡು; ದೊಡ್ಡದಾದರೆ 16 ಸೆಂಟಿಮೀಟರ್ ದಾಟುತ್ತದೆ, ನಿಮ್ಮ ಜಗಲಿಯ ಅತಿಥಿಯ ಎರಡರಷ್ಟು. ಆ್ಯಪ್‌ಗೆ ನಿಮ್ಮ ಮನೆ ಹಿರಿಯಡಕದಲ್ಲಿದೆ ಎಂಬುದು ಲೆಕ್ಕಕ್ಕೆ ಬಂದಿಲ್ಲ; ಅದು ನೋಡಿದ್ದು ಚಿತ್ರವನ್ನು ಮಾತ್ರ. ನಾನು ಮಾಡಿದ್ದೂ ಅದನ್ನೇ ಎಂಬುದು ನೆನಪಿದೆ, ಚುಚ್ಚಬೇಡಿ.

ನಿಮ್ಮ ತಮ್ಮನ ಊಹೆಯನ್ನು ನಾನು ನಗೆಯಾಡುವುದಿಲ್ಲ. ಮರದ ಜೊತೆ ಹುಳು ಸಾಗರ ದಾಟುವುದು ಕತೆಯಲ್ಲ. ಚೀನಾ ಮತ್ತು ಕೊರಿಯಾದ ಕಡೆಯ ಅನೊಪ್ಲೊಫೊರಾ ಗ್ಲಾಬ್ರಿಪೆನಿಸ್ ಎಂಬ ಉದ್ದಮೀಸೆ ಸರಕು ಕಟ್ಟುವ ಮರದ ಪೆಟ್ಟಿಗೆಗಳಲ್ಲಿ ಅಡಗಿ ಅಮೆರಿಕಕ್ಕೆ ಹೋಯಿತು. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪತ್ತೆಯಾದ ಬಳಿಕ ಅದನ್ನು ತಡೆಯಲು ಅಲ್ಲಿ ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಹೊಸ ಮಂಗಳೂರು ಬಂದರಿನಲ್ಲಿಯೂ ಮರದ ದಿಮ್ಮಿಗಳು ಇಳಿಯುತ್ತವೆ. ಹಾಗಾಗಿ ‘ಎಲ್ಲಿಂದ ಬಂತು’ ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಆದರೆ ಮುಂಗಾರಿನ ಮೊದಲ ದಿನಗಳಲ್ಲಿ, ಘಟ್ಟದ ಬುಡದ ಊರಿನಲ್ಲಿ, ದೀಪಕ್ಕೆ ಬಂದ ಸ್ಥಳೀಯ ಹುಳುವಿಗೆ ಹಡಗಿನ ಟಿಕೆಟ್ ಕೊಡಿಸುವ ಅಗತ್ಯವಿಲ್ಲ. ಪ್ರಯೋನಿನೇಗಳ ಮರಿಹುಳುಗಳು ಹೆಚ್ಚಾಗಿ ಸತ್ತ ಮರ, ಕೊಳೆತ ಬೊಡ್ಡೆ, ಬೇರುಗಳಲ್ಲಿ ವರ್ಷಗಟ್ಟಲೆ ಬೆಳೆದು ಹೊರಬರುತ್ತವೆ. ನಿಮ್ಮ ಹಿತ್ತಲಲ್ಲಿ ಅಂಥ ಬೊಡ್ಡೆ ಇದ್ದರೆ ಕೀಳಬೇಡಿ.

ಲಕ್ಷಗಟ್ಟಲೆ ಬೆಲೆಯ ಸುದ್ದಿ ಪ್ರತಿ ಮಳೆಗಾಲವೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ನನ್ನ ಮನೆಯ ಪೆಟ್ಟಿಗೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜೀರುಂಡೆಗಳಿವೆ. ಅವುಗಳ ಮೇಲೆ ಖರ್ಚಾದದ್ದು ನುಸಿಗುಳಿಗೆಯ ದುಡ್ಡು. ಬಂದದ್ದು ಹೆಂಡತಿಯ ಬೈಗುಳ.

ಪ್ರಶ್ನೆ: ಒಣಗಿ ಹೋದ ಗೇರುಮರವನ್ನು ಕಡಿಸಿ ಕಟ್ಟಿಗೆ ಸೀಳಿಸುವಾಗ ಬುಡದ ತಿರುಳಿನೊಳಗೆ ಬಿಳಿಯ ಮೊಟ್ಟೆಗಳು ಸಿಕ್ಕಿದವು. ಉದ್ದ ಹೆಬ್ಬೆರಳಿನಷ್ಟು, ಗಟ್ಟಿ, ಸುಣ್ಣದ ಚಿಪ್ಪಿನ ಹಾಗೆ. ಆಳುಗಳು ಹಾವಿನ ಮೊಟ್ಟೆ ಎಂದು ಕೆಲಸ ಬಿಟ್ಟು ದೂರ ನಿಂತರು. ಒಡೆದು ನೋಡಿದರೆ ಒಳಗೆ ಕಾಲು ಮೀಸೆ ಮಡಚಿಕೊಂಡ ಕೆಂಗಂದು ಹುಳು ಇತ್ತು. ಏನಿದು?
— ಓದುಗರು, ಕಾರ್ಕಳ

ಉತ್ತರ: ಹಾವಿನ ಮೊಟ್ಟೆಯ ಸಿಪ್ಪೆ ಚರ್ಮದ ಹಾಗೆ ಮೆತ್ತಗಿರುತ್ತದೆ. ಹಲ್ಲಿಯ ಮೊಟ್ಟೆ ಗಟ್ಟಿಯೇನೋ ಹೌದು, ಆದರೆ ಕಡಲೆಕಾಳಿನಷ್ಟು ಸಣ್ಣದು. ಅಲ್ಲದೆ ಯಾವ ಹಲ್ಲಿಯೂ ಗಟ್ಟಿ ಮರದ ತಿರುಳಿಗೆ ಹೋಗಿ ಮೊಟ್ಟೆ ಇಡಲಾರದು. ನೀವು ಒಡೆದದ್ದು ಗೇರಿನ ಕಾಂಡ ಮತ್ತು ಬೇರು ಕೊರಕದ ಗೂಡು. ಇದೂ ಉದ್ದಮೀಸೆಗಳ ಕುಟುಂಬದ್ದೇ, ನಿಯೊಪ್ಲೊಕೇಡೆರಸ್ ಫೆರುಜಿನಿಯಸ್. ಹಳೆಯ ಕರಪತ್ರಗಳಲ್ಲಿ ಪ್ಲೊಕೇಡೆರಸ್ ಎಂದಿರುತ್ತದೆ. ಫೆರುಜಿನಿಯಸ್ ಎಂದರೆ ತುಕ್ಕಿನ ಬಣ್ಣದ್ದು. ನೀವು ಕೆಂಗಂದು ಎಂದದ್ದು ಅದನ್ನೇ.

ತಾಯಿ ಹುಳು ಬುಡದ ತೊಗಟೆಯ ಬಿರುಕುಗಳಲ್ಲಿ, ಮಣ್ಣಿನಿಂದ ಹೊರಗೆ ಕಾಣುವ ಬೇರುಗಳಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆಯುತ್ತಾ ಮರದ ಅನ್ನನೀರಿನ ದಾರಿಯನ್ನೇ ಕಡಿದುಹಾಕುತ್ತದೆ. ಬೆಳೆದ ಬಳಿಕ ತಿರುಳಿಗೆ ಇಳಿದು, ತನ್ನ ಸುತ್ತ ತಾನೇ ಸುಣ್ಣದ ಗೂಡು ಕಟ್ಟಿಕೊಂಡು, ಅದರೊಳಗೆ ಕೋಶವಾಗಿ, ಜೀರುಂಡೆಯಾಗಿ ಹೊರಬರುತ್ತದೆ. ನಾನು ಮೊದಲ ಸಲ ಇಂಥ ಗೂಡನ್ನು ಕಂಡದ್ದು ಹುಡುಗನಾಗಿದ್ದಾಗ, ಬಚ್ಚಲೊಲೆಯ ಮುಂದೆ. ಕಟ್ಟಿಗೆಯ ತುದಿಯಿಂದ ಬಿಳಿಯ ‘ಮೊಟ್ಟೆ’ ಉರುಳಿ ಬಿತ್ತು. ಅದನ್ನು ಮರಿ ಮಾಡಿಸುತ್ತೇನೆಂದು ಹತ್ತಿಯಲ್ಲಿ ಸುತ್ತಿ ಅಕ್ಕಿಮುಡಿಯ ಸಂದಿನಲ್ಲಿ ಇಟ್ಟೆ. ಕೆಲವು ದಿನಗಳಲ್ಲಿ ಅದರಿಂದ ಹೊರಬಂದದ್ದನ್ನು ಕಂಡು ಚಿಕ್ಕಮ್ಮ ಹಾಕಿದ ಕೂಗು ಅಂಗಳದ ಆಚೆಗೂ ಕೇಳಿಸಿತ್ತು. ನನ್ನ ಪ್ರಾಣಿಶಾಸ್ತ್ರ ಶುರುವಾದದ್ದು ಅಲ್ಲಿಂದ.

ಈಗ ಕೆಲಸದ ಮಾತು. ಗೇರುಮರದ ಬುಡದಲ್ಲಿ ಅಂಟು ಸೋರುತ್ತಿದ್ದರೆ, ಮರದ ಹುಡಿ ಹೊರಗೆ ಬಿದ್ದಿದ್ದರೆ ಆಗಲೇ ಉಳಿಯಿಂದ ತೊಗಟೆ ಕೆತ್ತಿ ಮರಿಹುಳುಗಳನ್ನು ತೆಗೆಯಬೇಕು. ಎಲೆ ಹಳದಿಯಾಗಿ ಗೆಲ್ಲು ಒಣಗತೊಡಗಿದ ಮೇಲೆ ಎಚ್ಚೆತ್ತುಕೊಂಡರೆ ಮರ ಉಳಿಯುವುದು ಕಷ್ಟ. ಸತ್ತ ಮರವನ್ನು ತೋಟದಲ್ಲಿ ನಿಲ್ಲಿಸಬೇಡಿ. ನೀವು ಸೀಳಿಸಿದ ಕಟ್ಟಿಗೆಯನ್ನು ಉಳಿದ ಗೇರುಮರಗಳ ಪಕ್ಕದಲ್ಲಿಯೇ ರಾಶಿ ಹಾಕಿದ್ದೀರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಇವತ್ತೇ ತೆಗೆಸಿ, ಮೊದಲು ಉರಿಸಿ. ಪ್ರತಿ ಗೂಡಿನಲ್ಲಿಯೂ ಒಂದು ಜೀರುಂಡೆ ಹೊರಡಲು ಕಾದಿದೆ. ಹೆಚ್ಚಿನ ಸಲಹೆಗೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯವೂ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವೂ ನಿಮಗೆ ದೂರವಲ್ಲ.

ಒಂದು ತಮಾಷೆ ನೋಡಿ. ಹಿರಿಯಡಕದ ಹುಳು ದಕ್ಷಿಣ ಅಮೆರಿಕದ್ದು ಎಂದು ಆ್ಯಪ್ ಹೇಳಿತು, ಅದು ಇಲ್ಲಿಯದು. ನಿಮ್ಮ ಗೇರುಮರವನ್ನು ಎಲ್ಲರೂ ಇಲ್ಲಿಯದು ಎನ್ನುತ್ತೇವೆ, ಅದು ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಮರ ಸಾಗರ ದಾಟಿ ಬಂತು. ಅದನ್ನು ತಿನ್ನಲು ನಮ್ಮೂರ ಹುಳು ಕಲಿತುಕೊಂಡಿತು.

ಪ್ರಶ್ನೆ: ನಮ್ಮ ಅಂಗಡಿಗೆ ಸಾಮಾನು ಬಂದ ಮರದ ಪ್ಯಾಲೆಟ್‌ಗಳಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿವೆ, ಕೆಳಗೆ ಮೈದಾದಂಥ ಹುಡಿ ಬೀಳುತ್ತಿದೆ. ಉದ್ದಮೀಸೆಯ ಹುಳುವೇ?
— ಓದುಗರು, ಬೈಕಂಪಾಡಿ

ಉತ್ತರ: ಅಲ್ಲ. ಗುಂಡುಸೂಜಿಯಷ್ಟು ಸಣ್ಣ ದುಂಡು ತೂತು, ಮೈದಾದಂಥ ನಯವಾದ ಹುಡಿ ಎರಡೂ ಹುಡಿಕೊರಕ ಎಂಬ ಬೇರೆ ಸಣ್ಣ ಜೀರುಂಡೆಯ ಕೆಲಸ. ದೊಡ್ಡ ಉದ್ದಮೀಸೆ ಹೊರಬಿದ್ದ ತೂತಿಗೆ ಪೆನ್ಸಿಲ್ ಇಳಿಯುತ್ತದೆ. ಪ್ಯಾಲೆಟ್ ಹೊರದೇಶದ್ದಾಗಿದ್ದರೆ ಗೋಧಿಯ ತೆನೆಯ ಚಿತ್ರವಿರುವ ಮುದ್ರೆಯನ್ನು ಹುಡುಕಿ. ಅದರ ಪಕ್ಕದಲ್ಲಿ ಎಚ್‌ಟಿ ಎಂದಿದ್ದರೆ ಮರದ ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ನಿಮಿಷ ಕೊಟ್ಟಿದ್ದಾರೆ ಎಂದರ್ಥ. ಮುದ್ರೆ ಇದ್ದೂ ಹುಡಿ ಬೀಳುತ್ತಿದ್ದರೆ ಹುಳು ಹೊಕ್ಕದ್ದು ಆಮೇಲೆ, ಬಹುಶಃ ನಿಮ್ಮ ಗೋದಾಮಿನಲ್ಲಿಯೇ. ಆ ಪ್ಯಾಲೆಟ್‌ಗಳನ್ನು ಹೊಸ ಪೀಠೋಪಕರಣದ ಪಕ್ಕದಿಂದ ದೂರ ಸರಿಸಿ.

ಹುಳು ಕಳುಹಿಸುವವರಿಗೆ ಒಂದು ಕೋರಿಕೆ. ಹಿರಿಯಡಕದ ಡಬ್ಬಿಯಲ್ಲಿ ಹತ್ತಿ ತುಂಬಿದ್ದರು. ಅದರ ಎಳೆಗಳು ಉಗುರಿಗೆ ಸಿಕ್ಕಿಕೊಂಡು, ಬಿಡಿಸುವಾಗ ಎಡ ಮೀಸೆ ಮುರಿಯಿತು. ಒಂದು ಮಧ್ಯಾಹ್ನ ಅದಕ್ಕೇ ಹೋಯಿತು. ಹತ್ತಿ ಬೇಡ, ಟಿಶ್ಯೂ ಕಾಗದ ಸಾಕು. ಒದ್ದೆ ಹುಳುವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸಲು ಬರುತ್ತದೆ, ಮೊದಲು ಒಣಗಿಸಿ. ಫೋಟೊ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು. ಊರು, ದಿನಾಂಕ, ದೀಪಕ್ಕೆ ಬಂತೇ ಮರದಿಂದ ಎದ್ದಿತೇ, ಮರವಾದರೆ ಯಾವ ಮರ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದು ಒಳಗಿಡಿ. ಚೀಟಿ ಇಲ್ಲದ ಹುಳು ನನಗೂ ಬೇಡ, ಯಾವ ಸಂಗ್ರಹಾಲಯಕ್ಕೂ ಬೇಡ.

ಹಿರಿಯಡಕದವರ ಗರಗಸಮೀಸೆಯನ್ನು ಒದ್ದೆ ಕಾಗದದ ಡಬ್ಬಿಯಲ್ಲಿ ಒಂದು ದಿನ ಇಟ್ಟು, ಕೀಲುಗಳು ಸಡಿಲವಾದ ಮೇಲೆ, ಜೀರುಂಡೆಗಳಿಗೆ ಚುಚ್ಚುವ ಕ್ರಮದಂತೆ ಬಲ ಹೊರರೆಕ್ಕೆಗೆ ಸೂಜಿ ಚುಚ್ಚಿ ನಿಲ್ಲಿಸಿದ್ದೇನೆ. ಮುರಿದ ಮೀಸೆಯನ್ನು ಅಂಟಿಸಿದ್ದೇನೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಚೀಟಿಯಲ್ಲಿ ಊರು, ಜಿಲ್ಲೆ, ‘ದೀಪಕ್ಕೆ ಬಂದದ್ದು’ ಎಂದು ಬರೆದಿದ್ದೇನೆ. ‘ಸಂಗ್ರಹಿಸಿದವರು’ ಎಂಬಲ್ಲಿ ಖಾಲಿ ಬಿಟ್ಟಿದ್ದೇನೆ. ಉಡುಪಿಯ ಕಡೆ ಬಂದಾಗ ಮಗಳನ್ನೂ ಕರೆದುಕೊಂಡು ಬನ್ನಿ, ಅವಳೇ ತುಂಬಲಿ. ಬರುವಾಗ ಆ ತುಂಡಾದ ಹಿಡಿಸೂಡಿ ಕಡ್ಡಿ ಇನ್ನೂ ಇದ್ದರೆ ತನ್ನಿ, ಅದನ್ನೂ ಪೆಟ್ಟಿಗೆಯಲ್ಲಿಡೋಣ.